ಓನರಮ್ಮ ಸೋಸಿಕೊಟ್ಟ ರಾಗಿ ಸರಿ

ಹಾಲು ಕರೆದು, ಸಗಣಿ ಬಾಚಿ ಒರಟಾಗಿದ್ದ ಹೆಬ್ಬೆರಳನ್ನು ನನ್ನ ಕೆನ್ನೆಗೆ ಒತ್ತಿ, ಕಣ್ಣಿನ ಕೆಳರೆಪ್ಪೆಯನ್ನು ಕೆಳಕ್ಕೆ ಜಗ್ಗಿ ನೋಡುವುದು ಅವರ ಅಭ್ಯಾಸ. ಬೆಳಿಗ್ಗೆ ನಾನು ಶಾಲೆಗೆ ಹೊರಟು ಗೇಟಿನ ಬಳಿ ಬರುತ್ತಿದ್ದಂತೆ ಕೊಟ್ಟಿಗೆಯಿಂದ ಎದ್ದು ಬರುತ್ತಿದ್ದರು. ಬೆರಳಿಗೆ ಹಸಿಹುಲ್ಲಿನ ವಾಸನೆ. "ಸುಣ್ಣದ ಗ್ವಾಡೆ ಇದ್ದಂಗೈತೆ ಕಣವ್ವ ಕಣ್ಣು. ಉಣ್ತೀಯೋ ಇಲ್ವೋ?" ಎಂದು ಗದರುತ್ತಿದ್ದರು. ಒಮ್ಮೆ ಅವರು ತಮ್ಮ ಹಸುವಿನ ಕಣ್ಣನ್ನೂ ಹಾಗೆಯೇ ಜಗ್ಗಿ ನೋಡುವುದನ್ನು ಕಂಡೆ. ಆ ದಿನವಿಡೀ ನನಗೆ ಸಿಟ್ಟು.

ಅವರು ನಮ್ಮ ಮನೆಯ ಮಾಲೀಕರು. ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದೆವು. ಕುಂದಲಹಳ್ಳಿಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಆದರೂ ಅದರ ಹಿಂದೆ ಎರಡು ಹಸುಗಳಿಗೆ ಜಾಗ ಉಳಿಸಿಕೊಂಡಿದ್ದರು. ಕೆಳಮನೆಯಲ್ಲಿ ಮಗ, ಸೊಸೆಯ ಜೊತೆ ಅವರು, ಮೇಲೆ ನಾವು. ನಾವು ದಾವಣಗೆರೆ ಕಡೆಯವರು. ನಮ್ಮನೆಯವರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲೇ ಅವರ ಅರ್ಧ ಆಯಸ್ಸು ಕಳೆಯುತ್ತಿತ್ತು. ನಾನು ವರ್ತೂರು ರಸ್ತೆಯ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದೆ. ಹೀಗಾಗಿ ಹಗಲಿನಲ್ಲಿ ನನ್ನನ್ನು ಕಂಡು ಮಾತಾಡಿಸುವ ಜೀವವೆಂದರೆ ಓನರಮ್ಮ ಒಬ್ಬರೇ.

ನಾವು ಲಿಂಗ ಕಟ್ಟಿಕೊಂಡವರು, ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ವಾರದಲ್ಲೇ ಅವರು ಹೊಸ ಪಾತ್ರೆಯೊಂದನ್ನು ಕೊಂಡು ತಂದರು. ಅದನ್ನು ತಮ್ಮ ಅಡುಗೆಮನೆಯಲ್ಲಿ ಇಡಲಿಲ್ಲ, ನಮ್ಮಲ್ಲಿ ಇಟ್ಟರು. ನಮಗೆ ಏನಾದರೂ ಮಾಡಿಕೊಡಬೇಕೆನಿಸಿದಾಗ ಮೇಲೆ ಬಂದು ಪಾತ್ರೆ ಒಯ್ದು, ಹೊರಗಿನ ಒಲೆಯಲ್ಲಿ ಬೇಯಿಸಿ, ಮತ್ತೆ ನಮ್ಮಲ್ಲೇ ತಂದಿಡುತ್ತಿದ್ದರು. "ನಮ್ಮನೇಲಿದ್ರೆ ಯಾರಾದ್ರೂ ಮರ್ತು ಬಾಡು ಬೇಯ್ಸ್‌ಬಿಡ್ತಾರೆ. ನಿನ್ ನೇಮ ಕೆಡ್ಸಿದ ಪಾಪ ನಂಗ್ಯಾಕೆ?" ಎನ್ನುತ್ತಿದ್ದರು. ನೇಮದ ಬಗ್ಗೆ ನನಗೇ ಅಷ್ಟು ಕಾಳಜಿ ಇರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸು ಇರಬೇಕು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ನಾನು ತಲೆ ಸುತ್ತಿ ಬಿದ್ದೆ. ಆಟೋದಲ್ಲಿ ಮನೆಗೆ ಕಳಿಸಿದರು. ಗೇಟಿನಲ್ಲಿ ಇಳಿಯುವಾಗಲೇ ಓನರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖ ಊರಗಲವಾಯಿತು. "ಎಷ್ಟ್ ದಿನದಿಂದ ಸುಸ್ತು? ಊಟ ಸೇರ್ತಿಲ್ವಾ? ಅಂಗಾದ್ರೆ ವಿಶೇಷ ಕಣವ್ವ, ವಿಶೇಷ!" ಅಲ್ಲ ಎಂದು ಹೇಳುವ ಮನಸ್ಸು ನನಗೂ ಬರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಸಂಜೆಯೊಳಗೆ ಹಸಿರು ಗಾಜಿನ ಬಳೆ, ಮಲ್ಲಿಗೆ ಹೂವು ಮೇಲೆ ಬಂದವು. ಮರುದಿನ ಹಾಲಿನ ಬೂತಿನವನೂ ನನ್ನನ್ನು ನೋಡಿ ನಕ್ಕ. ದಾವಣಗೆರೆಯ ನಮ್ಮವ್ವನಿಗೆ ಸುದ್ದಿ ಮುಟ್ಟಿಸುವ ಮೊದಲೇ ಬೀದಿಗೆಲ್ಲ ನಾನು ಬಸುರಿ.

ಪರೀಕ್ಷೆಯಲ್ಲಿ ಬಸಿರು ಕಾಣಲಿಲ್ಲ. ಕಂಡದ್ದು ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ. ಎಲ್ಲಿಯೋ ಸೋರುತ್ತಿರಬೇಕು ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕ್ಯಾಮೆರಾದ ಕೊಳವೆ ತೂರಿಸಿ ಕರುಳು ನೋಡಿದ ವೈದ್ಯರು ನನ್ನನ್ನು ಕೇಳಿದ್ದನ್ನೇ ಕೇಳಿದರು. "ಹೊಟ್ಟೆನೋವು ಬರ್ತಾ ಇರ್ಲಿಲ್ವಾ? ಲೂಸ್ ಮೋಷನ್? ನೆನಪು ಮಾಡ್ಕೊಂಡು ಹೇಳಿ ಮೇಡಂ." ಇಲ್ಲ ಸಾರ್, ಇಲ್ಲ. ನಾನೇನೋ ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ಅವರು ಪರದೆಯತ್ತ ತಿರುಗಿ ತೋರಿಸಿದರು. ಸಣ್ಣಕರುಳಿನ ಕೊನೆಯಲ್ಲಿ ಸಾಲು ಹುಣ್ಣುಗಳು, ಪಕ್ಕದಲ್ಲಿ ಕಿರಿದಾದ ದಾರಿ. ನಮ್ಮ ದೇಶದಲ್ಲಿ ಇಂಥದ್ದು ಕಂಡರೆ ಮೊದಲು ಕ್ಷಯವೇ ಎಂದು ನೋಡಬೇಕಂತೆ. ಕರುಳಿನಿಂದ ತೆಗೆದ ತುಣುಕಿನ ಪರೀಕ್ಷೆಯ ಫಲಿತಾಂಶ ಬರುವ ತನಕ, ದೇವರೇ ಕ್ಷಯವೇ ಆಗಿರಲಿ ಎಂದು ಬೇಡಿಕೊಂಡೆ. ಕ್ಷಯಕ್ಕೆ ಔಷಧಿಯಿದೆ, ಔಷಧಿಗೆ ಕೊನೆಯಿದೆ. ಬಂದದ್ದು ಕ್ರೋನ್ಸ್ ಕಾಯಿಲೆ. ಹತೋಟಿಯಲ್ಲಿಡಬಹುದು, ಹೋಗಲಾಡಿಸಲು ಆಗುವುದಿಲ್ಲ ಎಂದರು. ಮಗುವಿನ ಯೋಚನೆ ಸದ್ಯಕ್ಕೆ ಬೇಡ ಎಂದರು.

ಆ ದಿನ ಗೇಟಿನಲ್ಲಿ ಓನರಮ್ಮ ಕಾಯುತ್ತಿದ್ದರು. ನಾನು ನಿಂತಲ್ಲೇ ಹೇಳಿಬಿಟ್ಟೆ. "ಮಗು ಅಲ್ಲ ಅಮ್ಮ. ಕರುಳಲ್ಲಿ ಹುಣ್ಣು. ಜೀವ ಇರೋ ತನಕ ಇರುತ್ತಂತೆ." ಅವರು ಮೆಟ್ಟಿಲ ಮೇಲೆ ಕುಸಿದು ಕೂತು, "ನನ್ ಬಾಯಿಗ್ ಮಣ್ ಬೀಳ" ಎಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಬಿಸಿಲಿನಲ್ಲಿ ಒಂದೊಂದೇ ಬಾಗಿಲಿಗೆ ಹೋಗಿ ನಿಂತರು. ಹಾಲಿನ ಬೂತಿಗೂ ಹೋದರು. ಏನು ಹೇಳಿದರೆಂದು ಎದುರುಮನೆಯವರು ಆಮೇಲೆ ಹೇಳಿದರು: "ನಾನೇ ದುಡುಕಿ ಬಾಯ್ ಬಿಟ್ಟೆ. ತಪ್ಪು ನಂದು. ಆ ಮಗೀನ ಯಾರೂ ಎಷ್ಟ್ ತಿಂಗ್ಳು, ಏನಾಯ್ತು ಅಂತ ಕೇಳ್ಕೂಡ್ದು. ಕೇಳಿದ್ರೆ ನನ್ ಜತೆ ಜಗಳ." ನಾನು ಆ ಮನೆಯಲ್ಲಿ ಇರುವ ತನಕ ಆ ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲ. ಶಾಲೆಯ ಸ್ಟಾಫ್ ರೂಮಿಗೆ ಅವರನ್ನು ಕರೆದೊಯ್ಯಲು ಆಗಲಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು.

ಬೀದಿಯ ಬಾಯಿ ಮುಚ್ಚಿತು, ನನ್ನ ತಲೆಯೊಳಗಿನದು ಮುಚ್ಚಲಿಲ್ಲ. ನೋವಿದ್ದರೆ ಕಾಯಿಲೆ ಎಲ್ಲಿದೆ, ಎಷ್ಟಿದೆ ಎಂದಾದರೂ ತಿಳಿಯುತ್ತದೆ. ಇದು ಸದ್ದೇ ಇಲ್ಲದೆ ಒಳಗೆ ಕೂತು ಕೆರೆಯುತ್ತಿತ್ತು. ಹಾಗಾದರೆ ಇವತ್ತು ಎಷ್ಟು ಕೆರೆಯಿತು, ಈಗ ತಿಂದ ಚಪಾತಿ ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡಿದೆಯೋ ಹೇಗೆ? ಕಂಪ್ಯೂಟರಿನಲ್ಲಿ ನೋಡಬಾರದ ಚಿತ್ರಗಳನ್ನೆಲ್ಲ ನೋಡಿದೆ. ವೈದ್ಯರು ಬಿಡಲು ಹೇಳಿದ್ದು ಸೊಪ್ಪು, ನಾರು, ಸಿಪ್ಪೆ. ನಾನು ಚಪಾತಿ ಬಿಟ್ಟೆ, ಬೇಳೆ ಬಿಟ್ಟೆ, ಹಣ್ಣು ಬಿಟ್ಟೆ, ಕೊನೆಗೆ ಮೊಸರನ್ನವೂ ಗಂಟಲಲ್ಲಿ ನಿಂತಿತು. ತಿನ್ನದಿದ್ದರೆ ಏನೂ ಸಿಕ್ಕಿಕೊಳ್ಳುವುದಿಲ್ಲ ಎಂಬುದು ಗಣಿತದ ಮೇಡಮ್ಮನ ಲೆಕ್ಕಾಚಾರ. ಬಳೆಗಳು ಮೊಣಕೈಗೆ ಜಾರಿದವು. "ಈಗ ನಿಮ್ಮ ಕಾಯಿಲೆಗಿಂತ ನಿಮ್ಮ ಉಪವಾಸಕ್ಕೆ ನಾನು ಹೆದರ್ತೀನಿ. ಹೀಗೇ ಆದ್ರೆ ಅಡ್ಮಿಟ್ ಮಾಡಿ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ" ಎಂದರು ವೈದ್ಯರು. ನಮ್ಮನೆಯವರು ಕೈಮುಗಿದು ಬೇಡಿಕೊಂಡರು. ನಾನು ಆಯ್ತು ಎನ್ನುವುದು, ಅವರು ಪೀಣ್ಯಕ್ಕೆ ಹೊರಟ ಮೇಲೆ ತಟ್ಟೆಯನ್ನು ಹಾಗೇ ಮುಚ್ಚಿಡುವುದು.

ಮುಚ್ಚಿಟ್ಟ ತಟ್ಟೆಯನ್ನು ಓನರಮ್ಮ ಒಂದು ಮಧ್ಯಾಹ್ನ ಕಂಡುಹಿಡಿದರು. ಬೈಯಲಿಲ್ಲ. ಡಾಕ್ಟರು ಏನೇನು ಬೇಡ ಅಂದಿದ್ದಾರೆ ಎಂದು ಕೇಳಿಕೊಂಡು, ಪಾತ್ರೆ ಎತ್ತಿಕೊಂಡು ಹೋದರು. ಮರುದಿನ ಬಂದಾಗ ಅದರಲ್ಲಿ ರಾಗಿ ಸರಿ. ರಾಗಿ ನೆನೆಸಿ, ರುಬ್ಬಿ, ತೆಳುಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿ, ಹೊಟ್ಟನ್ನೆಲ್ಲ ತೆಗೆದು, ಬರೀ ರಾಗಿ ಹಾಲನ್ನು ಕಾಯಿಸಿ ಮಾಡುವ ಎಳೆಗೂಸುಗಳ ಊಟ. "ನಿನ್ ಮಗೀಗೆ ಅಂತ ರಾಗಿ ಹಸನು ಮಾಡಿಟ್ಟಿದ್ದೆ. ಈಗ ನೀನೇ ನಮ್ ಮಗ. ಉಣ್ಣು" ಎಂದರು. ನನಗೆ ಎದೆಗೆ ಚುಚ್ಚಿದಂತಾಯಿತು. ಬೇಡ, ಹೆದರಿಕೆ ಎಂದೆ. ಅವರು ಎರಡು ಬಟ್ಟಲಿಗೆ ಬಗ್ಗಿಸಿ, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು ಮೊದಲು ತಾವು ಕುಡಿದರು.

"ನೋಡು, ನಂಗೇನಾದ್ರೂ ಆಯ್ತಾ?"

"ನಿಮ್ಮ ಕರುಳು ಬೇರೆ, ನನ್ನ ಕರುಳು ಬೇರೆ ಅಮ್ಮ. ನಿಮಗೆ ಆಗ್ಲಿಲ್ಲ ಅಂದ್ರೆ ನನಗೂ ಆಗಲ್ಲ ಅಂತ ಹೇಗೆ?"

"ಅದೆಲ್ಲಾ ನಂಗೊತ್ತಿಲ್ಲ ಕಣವ್ವ. ಒಬ್ಳೇ ಉಣ್ಣೋಕೆ ಎದ್ರಿಕೆ ಆಯ್ತದಲ್ಲ, ಜತೇಲಿ ಕೂತಿವ್ನಿ, ಅಷ್ಟೇ."

ಒಂದು ಚಮಚ ನುಂಗಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದೆ. ಏನೂ ಆಗಲಿಲ್ಲ. ಏನೂ ಆಗದಿರುವುದೇ ಈ ಕಾಯಿಲೆಯ ಗುಣವಾಗಿದ್ದರಿಂದ ಅದರಿಂದ ನನಗೆ ಸಮಾಧಾನವೂ ಆಗಲಿಲ್ಲ. ಅವರಿಗೆ ಆತುರವಿರಲಿಲ್ಲ. ಹಸುವಿನ ಕೆಚ್ಚಲು ಬಾತ ಕಥೆ ಹೇಳಿದರು, ಸೊಸೆಗೆ ಮುದ್ದೆ ತಿರುವಲು ಬರುವುದಿಲ್ಲ ಎಂದು ದೂರಿದರು. ಮಾತಿನ ನಡುವೆ ನಾನು ಇನ್ನೊಂದು ಚಮಚ ನುಂಗಿದ್ದೆ. ಹೀಗೆ ದಿನವೂ ಬಂದರು. ರಾಗಿ ಸರಿಯ ಜಾಗಕ್ಕೆ ಮೆತ್ತನೆಯ ಅನ್ನ ಬಂತು, ಅನ್ನಕ್ಕೆ ತಿಳಿಸಾರು ಬಂತು. ಒಂದು ದಿನವೂ ನನಗೆ ಧೈರ್ಯ ಹೇಳಲಿಲ್ಲ. ಧೈರ್ಯ ಹೇಳುವವರು ಆಗ ಸುತ್ತಲೂ ಬೇಕಾದಷ್ಟಿದ್ದರು. ಎದುರಿಗೆ ಕೂತು ಉಂಡವರು ಇವರೊಬ್ಬರೇ.

ಹುಣ್ಣು ಮಾಯಿಸಿದ್ದು ಔಷಧಿಯೇ, ಅದರಲ್ಲಿ ಅನುಮಾನವಿಲ್ಲ. ಸ್ಟಿರಾಯ್ಡಿನಿಂದ ಮುಖ ಊದಿಕೊಂಡಾಗ ಶಾಲೆಯಲ್ಲಿ ಎಲ್ಲರೂ "ಈಗ ಮೈಕೈ ತುಂಬ್ಕೊಂಡು ಚೆನ್ನಾಗಿದ್ದೀರಿ" ಎಂದರು. ಓನರಮ್ಮ ಮಾತ್ರ ಕೆನ್ನೆ ಒತ್ತಿ ನೋಡಿ, "ಇದು ಊತ, ಮೈಯಲ್ಲ. ಇನ್ನೆರಡ್ ತುತ್ತು ಉಣ್ಣು" ಎಂದರು. ಔಷಧಿ ಕೆಲಸ ಮಾಡುವ ತನಕ ನನ್ನನ್ನು ಉಳಿಸಿದ್ದು ಅವರು ಎದುರಿಗೆ ಕೂತದ್ದೇ. ಹೀಗೆ ಹೇಳಿದರೆ ಅತಿಯಾಯಿತು ಎನ್ನುವವರು ಅನ್ನಲಿ.

ಆಮೇಲೆ ನಾವು ಸರ್ಜಾಪುರದ ಕಡೆ ಸ್ವಂತ ಫ್ಲಾಟಿಗೆ ಬಂದೆವು. ನಮಗೆ ಮಗುವಾಗಲಿಲ್ಲ. ಅದಕ್ಕೆ ಕಾಯಿಲೆ ಕಾರಣವೋ ಅಲ್ಲವೋ ಯಾರೂ ಖಚಿತವಾಗಿ ಹೇಳಲಿಲ್ಲ. ಓನರಮ್ಮನನ್ನು ನೋಡಲು ಹೋದಾಗಲೆಲ್ಲ ಅವರು ಹಸುವಿನ ಸುದ್ದಿ ಕೇಳುವಂತೆ ನನ್ನ ಕರುಳಿನ ಸುದ್ದಿ ಕೇಳುತ್ತಿದ್ದರು. ಮಗುವಿನ ಮಾತು ಎಂದೂ ಎತ್ತಲಿಲ್ಲ. ಕಾಯಿಲೆ ಸುಮ್ಮನಿದ್ದರೂ ನನ್ನ ದಿಗಿಲು ಪೂರ್ತಿ ಹೋಗಿಲ್ಲ. ಮದುವೆಮನೆಗಳ ಪಂಕ್ತಿಯಲ್ಲಿ ಇಂದಿಗೂ ಅನ್ನ ಕಲಸಿಟ್ಟು ಎದ್ದುಬಿಡುತ್ತೇನೆ.

ಓನರಮ್ಮ ಎದೆನೋವೆಂದು ಆಸ್ಪತ್ರೆ ಸೇರಿದ್ದು ನನಗೆ ತಿಳಿಯಲಿಲ್ಲ. ಹೋದರೆಂಬ ಸುದ್ದಿಯಷ್ಟೇ ತಿಳಿಯಿತು. ತಿಥಿಯ ದಿನ ಹೋದೆ. ಶಾಮಿಯಾನದ ಕೆಳಗೆ ಊರಿಗೆ ಊರೇ ಊಟಕ್ಕೆ ಕೂತಿತ್ತು. ಪಟಕ್ಕೆ ಕೈಮುಗಿದು ಹೊರಡಬೇಕೆನ್ನುವಷ್ಟರಲ್ಲಿ ಸೊಸೆ ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಎಲೆ ಹಾಕಿತ್ತು. ಮೆತ್ತಗೆ ಬೆಂದ ಅನ್ನ, ತಿಳಿಸಾರು.

"ಅತ್ತೆ ಆಸ್ಪತ್ರೇಲೇ ಹೇಳ್‌ಬಿಟ್ಟು ಹೋದ್ರು ಅಕ್ಕ. 'ನನ್ ತಿಥಿಗೆ ಆ ಮಗ ಬಂದೇ ಬತ್ತಾಳೆ. ಜನದ ಮಧ್ಯ ಕೂರ್ಸಿದ್ರೆ ಉಣ್ಣಲ್ಲ, ಹಸ್ಕೊಂಡೇ ಓಯ್ತಾಳೆ. ಅವಳ್ಗೆ ಬೇರೆ ಮಾಡಿ. ನೀನು ಎದುರಿಗೆ ಕೂತ್ಕೊ' ಅಂತ."

ಬೆಳಗಿನಿಂದ ಓಡಾಡಿ ಸುಸ್ತಾಗಿದ್ದ ಹುಡುಗಿ ನನ್ನೆದುರು ಕೂತು ಮೊದಲ ತುತ್ತು ಬಾಯಿಗಿಟ್ಟಳು. ಆಮೇಲೆ ನಾನೂ ಉಂಡೆ. ಕಣ್ಣೀರು ಸುರಿಯುತ್ತಲೇ ಇತ್ತು. ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ.