ಕಣ್ಣು ಬಂದ ವಾರ

ಚಾಮರಾಜನಗರದಲ್ಲಿ ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಫೋಟೊ ಸ್ಟುಡಿಯೋಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ ಮಾತ್ರ. ತೊಂಬತ್ತರ ದಶಕ, ಮತದಾರರ ಗುರುತಿನ ಚೀಟಿಗೆಂದು ಊರೂರಲ್ಲಿ ಜನರ ಫೋಟೊ ತೆಗೆಯುತ್ತಿದ್ದ ಕಾಲ. ಕುದೇರಿನ ಕೆಲಸ ಸ್ಟುಡಿಯೋದ ಅಣ್ಣನಿಗೆ ಸಿಕ್ಕಿತ್ತು. ಹೊರಡುವ ದಿನವೇ ಅವನಿಗೆ ಕಣ್ಣು ಬಂತು. ಎರಡೂ ಕೆಂಡದಂತೆ ಕೆಂಪಾಗಿ ನೀರು ಸುರಿಸುತ್ತಿದ್ದವು.

“ನೀನೂ ಬಾ ಕಣಮ್ಮಿ. ಹೆಂಗಸ್ರನ್ನ ನೆಟ್ಟಗೆ ಕೂರ್ಸು, ಸಾಕು,” ಅಂದ.

ಶಾಲೆಯ ಜಗಲಿಯಲ್ಲಿ ನಾಲ್ಕಾರು ಜನರ ಫೋಟೊ ತೆಗೆಯುವಷ್ಟರಲ್ಲಿ ಅವನಿಗೆ ಕ್ಯಾಮೆರಾದೊಳಗೆ ಏನೂ ಕಾಣದಾಯಿತು. ಅದನ್ನು ನನ್ನ ಕೊರಳಿಗೆ ಹಾಕಿ, ಎಲ್ಲಿ ತಿರುಗಿಸಬೇಕು, ಎಲ್ಲಿ ಒತ್ತಬೇಕು ಎಂದು ತೋರಿಸಿ, ಮರದ ಕೆಳಗೆ ಹೋಗಿ ಮಲಗಿಬಿಟ್ಟ.

ಮಧ್ಯಾಹ್ನ ಒಬ್ಬ ಅಜ್ಜಿಯನ್ನು ಅವಳ ಮಗ ರಟ್ಟೆ ಹಿಡಿದು ಕರೆತಂದ. “ಬ್ಯಾಡ ಕಣವ್ವ, ಫೋಟೊ ತಗುಸ್ಕಂಡ್ರೆ ಆಯಸ್ಸು ಕಮ್ಮಿಯಾಯ್ತದಂತೆ,” ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

“ಏನೂ ಆಗಲ್ಲ ಕಣಜ್ಜಿ,” ಎಂದು ನಕ್ಕು ಒತ್ತಿದೆ.

ಕೆಲವೇ ದಿನಕ್ಕೆ ಆ ಮಗ ಸ್ಟುಡಿಯೋಗೆ ಬಂದ. ತಲೆ ಬೋಳಿಸಿಕೊಂಡಿದ್ದ. ಬೈಯಲು ಬಂದಿದ್ದಾನೆಂದು ನಾನು ಹಲಗೆಯ ಈಚೆ ಉಸಿರು ಹಿಡಿದು ನಿಂತೆ. ಅವನು ಕೇಳಿದ್ದು ಅಜ್ಜಿಯ ಫೋಟೊ, ಗೋಡೆಗೆ ಹಾಕುವಷ್ಟು ದೊಡ್ಡದು. ಅವಳದೆಂದು ಇದ್ದದ್ದು ಅದೊಂದೇ.

ಅಜ್ಜಿಯ ಮನೆಯ ಆ ಗೋಡೆಯಿಂದಲೇ ಸುದ್ದಿ ಹರಡಿತು. ಸ್ವಲ್ಪ ದಿನದಲ್ಲಿ ಹಂಗಳದಿಂದ ಒಬ್ಬ ಬಂದು, “ಕುದೇರಜ್ಜಿ ಫೋಟೊ ತಗ್ದೋರು ನೀವೇನಾ ಅಕ್ಕ? ನಮ್ಮಪ್ಪಂಗೆ ಉಸಾರಿಲ್ಲ. ಇರೋವಾಗ್ಲೆ ಒಂದು ತಕ್ಕೊಡಿ,” ಅಂದ. ಅಣ್ಣ ಮರುಮಾತಾಡದೆ ಕ್ಯಾಮೆರಾ ಕೊಟ್ಟ. ಗುಂಡ್ಲುಪೇಟೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ.

ಅಂಗಳದಲ್ಲಿ ಮುದುಕನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಮಡಿಕೆಯ ಗೆರೆ ಹೋಗದ ಹೊಸ ಪಂಚೆ, ಹಣೆಗೆ ವಿಭೂತಿ. ನಿಂತಿದ್ದವರೆಲ್ಲ ನನ್ನ ಕ್ಯಾಮೆರಾ ಬ್ಯಾಗ್ ನೋಡಿ ದಾರಿ ಬಿಟ್ಟರು.

“ಇದ್ಯಾಕವ್ವ ಇವ್ರೆಲ್ಲ ನಂಗೆ ಒಸ ಪಂಚೆ ಉಡ್ಸವ್ರೆ?” ಮುದುಕ ನನ್ನನ್ನೇ ಕೇಳಿದ.

“ಮನೇಲಿ ಒಂದು ಫೋಟೊ ಇರ್ಲಿ ಅಂತ, ತಾತ,” ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಅವನಿಗೆ ಗೊತ್ತಾಗಿತ್ತು.

“ಹಂಗಾರೆ ಎಲ್ರೂ ಬನ್ನಿ. ನನ್ ಪಕ್ಕ ನಿಂತ್ಕಳಿ.”

ಗಂಡುಮಕ್ಕಳಿಬ್ಬರೂ ಕದಲಲಿಲ್ಲ. ದೊಡ್ಡ ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆಗ ಮುದುಕನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಅಡುಗೆಮನೆಯಿಂದ ಬಂದಳು. “ಬ್ಯಾಡ ಕಣವ್ವ” ಎಂದು ಮಗ ಅಡ್ಡ ಬಂದ.

“ಸುಮ್ನಿರ್ಲಾ. ಮದ್ವೇಲೂ ಒಂದು ತಗುಸ್ಲಿಲ್ಲ ನಾವು,” ಎಂದು ಅವಳು ಕುರ್ಚಿಯ ಹಿಂಬದಿ ಹಿಡಿದು ನಿಂತಳು.

ಇಬ್ಬರೂ ಕಾಣುವಂತೆ ಹಿಡಿದು ಒತ್ತಿದೆ.

ತಿಂಗಳೊಳಗೆ ತೀರಿಕೊಂಡದ್ದು ಅವಳು. ಎದೆನೋವೆಂದು ಮಲಗಿದವಳು ಏಳಲಿಲ್ಲವಂತೆ. “ಅಪ್ಪನ್ನ ಬುಟ್ಬುಟ್ಟು ಅವ್ವುಂದು ಮಾತ್ರ ದೊಡ್ಡದು ಮಾಡ್ಕೊಡಿ,” ಎಂದು ಅದೇ ಮಗ ಬಂದು ಕೇಳಿದ. ಅಣ್ಣ ಎಷ್ಟು ಜಾಗ್ರತೆಯಿಂದ ಮಾಡಿದರೂ ಅವಳ ಪಕ್ಕದಲ್ಲಿ ಮುದುಕನ ಹೆಗಲಿನ ಬಿಳಿ ಅಂಚು ಉಳಿದೇಬಿಟ್ಟಿತು.

ಮುದುಕ ಆಮೇಲೂ ವರ್ಷಗಟ್ಟಲೆ ಬದುಕಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಗಳ ಮದುವೆಯ ರವಿಕೆ ಹೊಲಿಯಲು ಕೊಟ್ಟಿದ್ದ ತಾಯಿಯೊಬ್ಬಳು, ನಾನು ಕತ್ತರಿ ಹಾಕುವ ಮುಂಚೆಯೇ ಬಟ್ಟೆ ವಾಪಸು ತೆಗೆದುಕೊಂಡು ಹೋದಳು. ಆಮೇಲೆ ಇನ್ನೊಬ್ಬಳೂ ಬಂದು ತನ್ನ ಬಟ್ಟೆ ಒಯ್ದಳು. ಆಷಾಢ ಕಳೆದು ಮದುವೆಗಳು ಶುರುವಾದರೂ ನನ್ನ ಮಿಷನ್ನು ಸುಮ್ಮನೆ ಕೂತಿತ್ತು. ಸ್ಟುಡಿಯೋಗೆ ಮಾತ್ರ, ಹಾಸಿಗೆ ಹಿಡಿದವರಿದ್ದ ಮನೆಗಳಿಂದ, ನನ್ನನ್ನು ಕೇಳಿಕೊಂಡು ಜನ ಬರುತ್ತಲೇ ಇದ್ದರು. ಮದುವೆಗಳಿಗೆ ಅಣ್ಣ, ಮಿಕ್ಕ ಮನೆಗಳಿಗೆ ನಾನು ಎಂದಾಯಿತು. ಅದೇ ನನ್ನ ಕಸುಬಾಯಿತು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ಮೊದಲು ನನ್ನ ಬ್ಯಾಗ್ ನೋಡುತ್ತಿದ್ದರು, ಆಮೇಲೆ ಮುಖ. “ಇವತ್ತು ಯಾರ ಮನೆಗವ್ವ?” ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಇಳಿದು ನಡೆಯುವಾಗ, ಬಸ್ಸು ಹೊರಟರೂ ಅವರು ಕಿಟಕಿಯಿಂದ ಕತ್ತು ಚಾಚಿ, ನಾನು ಯಾವ ಬೀದಿಗೆ ತಿರುಗುತ್ತೇನೆಂದು ನೋಡುತ್ತಿದ್ದರು.