ನಮ್ಮತ್ತೆ ಕಟ್ಟಿಕೊಂಡಿದ್ದ ಹುರಿ

ನಮ್ಮತ್ತೆಯ ಎಡಗಾಲಿನ ಹೆಬ್ಬೆರಳಿಗೆ ಸುತ್ತಲೂ ಕಪ್ಪಗೆ ಒಂದು ಗುರುತಿತ್ತು. ತೆಂಗಿನ ನಾರಿನ ಹುರಿ ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಗುರುತು. ಹುರಿಯ ಇನ್ನೊಂದು ತುದಿಯನ್ನು ನಡುಮನೆಯಲ್ಲಿದ್ದ ನನ್ನ ಮಗನ ತೊಟ್ಟಿಲಿಗೆ ಕಟ್ಟಿದ್ದರು. ಜಗುಲಿಯ ಮೇಲೆ ಕೂತು ಕೈಯಲ್ಲಿ ಕೆಲಸ ಮಾಡುತ್ತಾ ಕಾಲಲ್ಲಿ ತೊಟ್ಟಿಲು ತೂಗುವ ಅಜ್ಜಿಯರು ನಮ್ಮ ದಂಡಿನಶಿವರದ ಕಡೆ ಬೀದಿಗಿಬ್ಬರು ಇರುತ್ತಿದ್ದರು. ಹಾಗಾಗಿ ನನಗೆ ಅದರಲ್ಲೇನೂ ವಿಶೇಷ ಕಂಡಿರಲಿಲ್ಲ.

ಅತ್ತೆಯನ್ನು ಹೊಗಳುವ ಸೊಸೆಯನ್ನು ಯಾರೂ ನಂಬುವುದಿಲ್ಲ, ಗೊತ್ತು. ನಾನೇನೂ ಹೊಗಳುವುದಕ್ಕೆ ಕೂತಿಲ್ಲ. ಮಹಾ ಬಾಯಿಯ ಹೆಂಗಸು ಅವರು. ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುವರು. ಚಿಕ್ಕನಾಯಕನಹಳ್ಳಿ ಪೇಟೆಯಲ್ಲಿ ಬೆಳೆದ ನಾನು ಮೊದಲ ವರ್ಷವೆಲ್ಲ ಹಿತ್ತಲಲ್ಲಿ ನಿಂತು ಅತ್ತಿದ್ದೇನೆ. ಸಾಲದ್ದಕ್ಕೆ, ನಾನು ಬಸುರಿಯಾಗಿದ್ದಾಗ ಅವರಿಗೊಂದು ಕೆಟ್ಟ ಜ್ವರ ಬಂದು ಹೋಯಿತು. ಅಲ್ಲಿಂದಾಚೆಗೆ ನಾನು ಮಾತಾಡುವಾಗಲೆಲ್ಲ ನನ್ನ ಬಾಯನ್ನೇ ದಿಟ್ಟಿಸುವ ಅಭ್ಯಾಸ ಬೇರೆ ಶುರುವಾಯಿತು. ತಪ್ಪು ಹುಡುಕುತ್ತಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕಾಯಿ ಅಲ್ಲಾಡಿಸುವುದರಲ್ಲಿ ಮಾತ್ರ ಅವರದು ಎತ್ತಿದ ಕೈ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಒಣ ತಿರುಳು, ಅಂದರೆ ಗಿಟುಕು, ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅಂದರೆ ಕೊಬ್ಬರಿ ಆಗಿದೆ ಎಂದು ಲೆಕ್ಕ. ಚೂರು ನೀರು ಕುಲುಕಿದರೂ ಮತ್ತೆ ಅಟ್ಟಕ್ಕೆ. ಅದನ್ನು ನನಗೆ ಬೈದು ಬೈದು ಕಲಿಸಿದವರು ಅವರೇ.

ಎಪ್ಪತ್ತರ ದಶಕದ ಕೊನೆ. ಮಗನಿಗೆ ಐದು ತಿಂಗಳಾಗಿದ್ದಾಗ ನನಗೆ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಕೆಲಸದ ಆರ್ಡರ್ ಬಂತು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮನೆಗೆ ಬರುವುದು ಸಂಜೆ ಆರಕ್ಕೆ. ನಮ್ಮವರು ಒಂದೇ ಮಾತು ಹೇಳಿದರು: "ಅಮ್ಮ ಮಗೀನ ನೋಡ್ಕತೀನಿ ಅಂದ್ರೆ ಹೋಗು. ಇಲ್ಲಾಂದ್ರೆ ಬುಡು."

ಬಿಟ್ಟರೆ ಮತ್ತೆ ಸಿಗುವ ಕೆಲಸವಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು, "ಎಂಟು ದಿನ ತಡಿ, ಹೇಳ್ತೀನಿ" ಎಂದರು. ಎಂಟನೆಯ ದಿನ, "ನೋಡ್ಕತೀನಿ, ಹೋಗವ್ವ" ಎಂದರು. ಇಷ್ಟಕ್ಕೆ ಎಂಟು ದಿನದ ಬಿಂಕ ಯಾಕೆ ಎಂದು ಆಗಲೂ ನನಗೆ ಸಿಟ್ಟೇ.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಯಾರೋ ದೊಡ್ಡವರು ತೀರಿಕೊಂಡರೆಂದು ಸ್ಕೂಲು ಬೇಗ ಬಿಟ್ಟರು. ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಬೀದಿಗೆ ಬೆನ್ನು ಮಾಡಿ ಜಗುಲಿಯಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಿದ್ದರು. ಅವರ ಕೈಯಲ್ಲಿದ್ದ ಕಾಯಿಯಲ್ಲಿ ನೀರು ಕುಲುಕುವುದು ಹಿಂದೆ ನಿಂತಿದ್ದ ನನಗೇ ಕೇಳಿಸಿತು. ಅದನ್ನವರು ಕೊಬ್ಬರಿಯ ರಾಶಿಗೆ ಹಾಕಿದರು. ಇನ್ನೊಂದು ಎತ್ತಿಕೊಂಡರು. ಅದೂ ಕುಲುಕಿತು, ಅದನ್ನೂ ಅಲ್ಲಿಗೇ ಹಾಕಿದರು.

"ಅತ್ತೆಮ್ಮ" ಎಂದೆ. ತಿರುಗಲಿಲ್ಲ. ಗಟ್ಟಿಯಾಗಿ ಕೂಗಿದೆ. ಆಗಲೂ ತಿರುಗಲಿಲ್ಲ. ಅಷ್ಟರಲ್ಲಿ ಒಳಗೆ ಮಗು ಮಿಸುಕಿ ಹುರಿ ಜಗ್ಗಿತು. ಅತ್ತೆ ತಟ್ಟನೆ ಕಾಯಿ ಬಿಟ್ಟು, ಬೆರಳಿನಿಂದ ಹುರಿ ಬಿಡಿಸಿಕೊಂಡು ಎದ್ದರು. ತಿರುಗಿದರೆ ನಾನು ನಿಂತಿದ್ದೇನೆ.

ಅವರ ಎರಡೂ ಕಿವಿ ನಾನು ಬಸುರಿಯಾಗಿದ್ದಾಗ ಬಂದ ಆ ಜ್ವರದಲ್ಲೇ ಹೋಗಿದ್ದವು. ನಮ್ಮ ಮನೆಯಲ್ಲಿ ಮಾತಾಡುವವರು ಅವರು, ಹೂಂ ಅನ್ನುವವರು ನಾವು. ಕಿವಿ ಹೋದದ್ದು ಯಾರಿಗೆ ತಿಳಿಯಬೇಕು?

"ಮಗೂಗೆ ಏನಾದ್ರೂ ಆಗಿದ್ದಿದ್ರೆ?" ಎಂದು ಅವರ ಮುಖಕ್ಕೇ ಕೂಗಿದೆ.

ಅವರು ಮಗುವನ್ನು ತಂದು ನನ್ನ ಕೈಗೆ ಕೊಟ್ಟರು. "ಆ ಎಂಟು ದಿನ ಹುರಿ ಕಟ್ಕಂಡು ನೋಡ್ದೆ ಕಣವ್ವ. ಮಗು ಒಂದ್ಸಲ ಕಾಲು ಒದ್ರೂ ನಂಗೆ ತಿಳೀತಿತ್ತು. ಆಮೇಲೇ ಒಪ್ಕಂಡಿದ್ದು. ಒಂದಿನಾನೂ ಅಳ್ಸಿಲ್ಲ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ನ ಕಳಿಸ್ತಿದ್ರಾ?"

ನಾಳೆಯೇ ರಾಜೀನಾಮೆ ಕೊಡುತ್ತೇನೆ ಎಂದೆ. ನನ್ನ ತುಟಿ ನೋಡಿ ತಿಳಿದುಕೊಂಡರು. ಆ ಬಾಯಿ ಮೆತ್ತಗಾದದ್ದನ್ನು ನಾನು ಕಂಡದ್ದು ಅವತ್ತೇ. "ನಾನು ತೌರಿಗೆ ಹೋಗ್ಬೇಕಂದ್ರೂ ಮೂರು ಜನಾನ ಕೇಳ್ಬೇಕಿತ್ತು. ನೀನು ಬಸ್ಸಿಗೆ ಹೊತ್ತಾಯ್ತು ಅಂತ ಹೊಂಟುಬುಡ್ತೀಯ. ಅದು ನೋಡಕ್ಕೆ ನಂಗೆ ಚೆಂದ ಕಣವ್ವ. ತಪ್ಪಿಸ್ಬ್ಯಾಡ."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಈಯಮ್ಮನನ್ನು ಏನೆಂದುಕೊಂಡಿದ್ದೆ ನಾನು. ಮಾರನೆಯ ದಿನ ಎಂಟರ ಬಸ್ಸಿಗೆ ಹೋದೆ. ಪಕ್ಕದ ಮನೆಯಾಕೆಗೆ ಮಾತ್ರ ಗುಟ್ಟಾಗಿ ಹೇಳಿ, ಆಗಾಗ ಬಂದು ಇಣುಕಿ ಹೋಗಲು ಒಪ್ಪಿಸಿದೆ. ಕಾಯಿ ಅಲ್ಲಾಡಿಸುವುದನ್ನು ಭಾನುವಾರಕ್ಕೆ ಇಟ್ಟುಕೊಂಡೆವು. ಅವರು ಎತ್ತಿಕೊಡುವರು, ನಾನು ಕೇಳಿ ಹೇಳುವೆ. ನಮ್ಮವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಮಗ ಮನೆ ತುಂಬ ಓಡಾಡುತ್ತಿದ್ದ.

ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಅತ್ತೆ ಹೋದರು. ನಾನು ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿ ರಿಟೈರಾದೆ. ಇದು ನೀವು ಕೊಟ್ಟ ಬದುಕು ಎಂದು ಅವರಿದ್ದಾಗ ಬಾಯಿಬಿಟ್ಟು ಹೇಳಲಿಲ್ಲ. ಅವರೂ ನನ್ನಿಂದ ಏನನ್ನೂ ಕೇಳಿದವರಲ್ಲ.

ಒಂದೇ ಒಂದು ಸಲ ಕೇಳಿದ್ದರು. ಮಗನಿಗೆ ಆಗ ನಾಲ್ಕು ವರ್ಷ. ಅವರ ತೊಡೆಯ ಮೇಲೆ ಕೂತು ಅ ಆ ಇ ಈ ಒಪ್ಪಿಸುತ್ತಿದ್ದ. ಅವರು ನನ್ನ ಕಡೆ ತಿರುಗಿ, "ಇವನ ದನಿ ಹೆಂಗೈತವ್ವ? ಯಾರ್ ಥರ ಐತೆ?" ಎಂದರು.

ಅವನು ಹುಟ್ಟುವ ಮೊದಲೇ ಅವರ ಕಿವಿ ಹೋಗಿತ್ತು. ಸಾಕಿದ ಮೊಮ್ಮಗನ ಅಳುವನ್ನು ಕೂಡ ಅವರು ಕೇಳಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

"ನಿಮ್ಮ ಥರಾನೇ, ಅತ್ತೆಮ್ಮ" ಎಂದೆ, ನಿಧಾನವಾಗಿ, ಅವರಿಗೆ ಕಾಣುವ ಹಾಗೆ.

"ಸುಮ್ನಿರು" ಎಂದು ನಕ್ಕರು. ಅವತ್ತು ಸಂಜೆ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಮನೆಮನೆಗೂ ಹೋಗಿ ಹೇಳಿ ಬಂದರು: "ನಮ್ಮುಡ್ಗಂದು ನಂದೇ ದನಿಯಂತೆ ಕಣ್ರೇ."