ಲೆಕ್ಕಕ್ಕೊಂದು ಬೇರೆ ಖೋಲಿ

ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುಸ್ಲಿಂ ಟೀಚರನ್ನು ಅವರ ಮನೆಮಾತಿನಂತೆ ನಾವೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು; ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ನಮ್ಮ ಮನೆಯ ಕಂಪ್ಯೂಟರಿನ ಮೌಸ್ ಮುಟ್ಟುವ ಮೊದಲು ದುಪಟ್ಟಾದಿಂದ ಕೈ ಒರೆಸಿಕೊಳ್ಳುತ್ತಿದ್ದರು, ಪ್ರತಿ ಗುಂಡಿಗೂ "ಒತ್ತಲೇನ್ರಿ ಅಕ್ಕಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನನಗೇನು ತಿಳಿಯಬೇಕು! "ಒತ್ರಿ, ದೇವರು ಅದಾನ" ಎನ್ನುತ್ತಿದ್ದೆ.

ಒಮ್ಮೆ ನನ್ನ ಮಗಳು ಮರುದಿನ ಬೆಳಿಗ್ಗೆಯೇ ಕಾಲೇಜಿಗೆ ಒಂದು ಗ್ರಾಫ್ ಒಪ್ಪಿಸಬೇಕಿತ್ತು. ಅದಕ್ಕೆ ಬೇಕಾದ ಲೆಕ್ಕದ ಸಾಫ್ಟ್‌ವೇರ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ, ಅದೊಂದು ಪುಣ್ಯ. ಆಪಾ ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಹಾಕಿದರು. ಆದರೆ ಎಷ್ಟು ಒತ್ತಿದರೂ ತೆರೆಯಲೊಲ್ಲದು. ಕೊನೆಗೆ ಕಾರಣ ಸಿಕ್ಕಿತು. ಹೊಸ ಕಂಪ್ಯೂಟರಿಗೆ ಪೂಜೆ ಮಾಡಿದ ದಿನ ಅದು ಖಾತೆಗೊಂದು ಹೆಸರು ಕೇಳಿತ್ತು. ನಾನು ನಮ್ಮ ಕಡೆಯ ದೇವಿಯ ಹೆಸರನ್ನೇ, ಕನ್ನಡದಲ್ಲೇ, "ಶ್ರೀ ಘತ್ತರಗಿ ಭಾಗ್ಯವಂತಿ ಪ್ರಸನ್ನ" ಎಂದು ಬರೆಸಿದ್ದೆ. ಆ ಸಾಫ್ಟ್‌ವೇರಿಗೆ ಕನ್ನಡ ಅಕ್ಷರದ ಹೆಸರು ಓದಲು ಬರುತ್ತಿರಲಿಲ್ಲ.

"ಆ ಹೆಸರು ಅಳಿಸಿಬಿಡು ಯವ್ವಾ," ಎಂದಳು ಮಗಳು, ಅಳುಮೋರೆ ಮಾಡಿ.

"ನಾಲಿಗಿ ಬಿಗಿ ಹಿಡಿ ಬೇ!" ಎಂದೆ.

ಆಪಾ ನಕ್ಕರು. "ತಾಯಿ ಇದ್ದಲ್ಲೇ ಇರ್ಲಿ ಬಿಡ್ರಿ ಅಕ್ಕಾ. ಲೆಕ್ಕಕ್ಕ ಬ್ಯಾರೆ ಖೋಲಿ ಮಾಡಿಕೊಡ್ತೇನಿ."

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಖಾತೆ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ "ಅವ್ವ" ಎಂದು ಹೆಸರಿಟ್ಟರು. ಈ ಸಲ ಸಾಫ್ಟ್‌ವೇರ್ ಸಲೀಸಾಗಿ ತೆರೆಯಿತು. ಮಗಳ ಗ್ರಾಫಿನ ಗೆರೆ ಪರದೆಯ ಮೇಲೆ ಸರಸರನೆ ಏರಿತು.

"ಅವ್ವ ಅಂದ್ರ ಯಾರ ಹೆಸರ್ರಿ ಆಪಾ?" ಎಂದು ಕೇಳಿದೆ.

ಚಪ್ಪಲಿ ಮೆಟ್ಟುತ್ತ ಹೇಳಿದರು: "ದೇವಿ ಕೇಳಿದ್ರ ದೇವೀದು. ನೀವು ಕೇಳಿದ್ರ ನಿಮ್ದು."